ಡೆಬಿಯನ್ 13 ಬಂದಾಯ್ತು, ನಮ್ಮ ಕನ್ನಡ ಇನ್‌ಸ್ಟಾಲೇಶನ್ ಕೈಪಿಡಿ ಇನ್ನೂ 12ರಲ್ಲೇ ಅದೆ – ಯಾರ್ ಯಾರು ಕೈ ಹಾಕ್ತೀರಿ?

ಅಘನಾಶಿನಿ_ದಡ (ಕುಮಟಾ)

ನಮಸ್ಕಾರ ಎಲ್ಲರಿಗೂ. ಲಿನಕ್ಸ್ ಆಪರೇಟಿಂಗ್ ಸಿಸ್ಟಂ ಡೆಬಿಯನ್ನಿನ 13ನೇ ಆವೃತ್ತಿ, ಹೆಸರು ಟ್ರಿಕ್ಸಿ, 2025ರ ಆಗಸ್ಟ್ 9ಕ್ಕೆ ಬಿಡುಗಡೆ ಆಯ್ತು, ಸೆಪ್ಟೆಂಬರ್ 6ಕ್ಕೆ 13.1 ಕೂಡ ಬಂತು. ನಾವೆಲ್ಲ ಸೇರಿ ಬರೆದ ಕೈಪಿಡಿ ತೆಗೆದು ನೋಡಿದ್ರೆ ಇನ್ನೂ ಬುಕ್‌ವರ್ಮ್ (12ರ ಹೆಸರು) ಅಂತಲೇ ಅದೆ. ಈ ಸಲ ತಡ ಮಾಡೂದು ಬೇಡ ಅನ್ನೂಕೆ ಕಾರಣ ಅದೆ, 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ಮುಗೀತು, ಟಿಪಿಎಂ 2.0 (ಭದ್ರತೆಯ ಚಿಪ್) ಇಲ್ಲದ ಮಷಿನ್‌ಗಳಿಗೆ ವಿಂಡೋಸ್ 11 ತಗಳ್ಳೂದಿಲ್ಲ, ಅಂಥ ಮಷಿನ್ ನಮ್ಮ ಕಡೆ ಸೊಸೈಟಿ ಆಫೀಸಲ್ಲಿ, ಶಾಲೇಲಿ, ಫೋಟೋ ಸ್ಟುಡಿಯೋದಲ್ಲಿ ಎಷ್ಟು ಅದಾವೆ ಅಂತ ನಿಮಗೇ ಗೊತ್ತು. ಅವರೆಲ್ಲ ಈಗ ಕೇಳೂಕೆ ಶುರು ಮಾಡಿದಾರೆ. ಕೇಳಿದವ್ರಿಗೆ ನಾವು ಕೊಡೂದು ಈ ಕೈಪಿಡೀನೇ.

ನನ್ನ ಯೋಚನೆ ಹೀಗೆ: ಬುಕ್‌ವರ್ಮ್ ಅಂತ ಇದ್ದಲ್ಲೆಲ್ಲ ಟ್ರಿಕ್ಸಿ, 12 ಇದ್ದಲ್ಲೆಲ್ಲ 13, ಆಮೇಲೆ ಸ್ಕ್ರೀನ್‌ಶಾಟ್ ಎಲ್ಲ ಹೊಸದು ತೆಗೆದು ಹಾಕೂದು, ಹಳೇ ಪುಟ ಅಳಿಸೂದು. ಬರೂ ಭಾನುವಾರದೊಳಗೆ ಮುಗಿಸಬಹುದು. ಇಷ್ಟು ಸಾಕಾ, ಇನ್ನೂ ಏನಾದ್ರೂ ನೋಡ್ಬೇಕಾ ಹೇಳಿ.

ಘಟ್ಟದ_ಮೇಲೆ (ಶಿರಸಿ)

ಶುರು ಮಾಡಿದ್ದಕ್ಕೆ ಖುಷಿ ಆತು ಭಾವ. ಆದ್ರೆ ಹುಡುಕಿ-ಬದಲಾಯಿಸಿ ಅಂತ ಮಾಡಿದ್ರೆ ಸಾಕಾಗ್ತಿಲ್ಲೆ, ಅದನ್ನ ಸ್ವಲ್ಪ ಬಿಡಿಸಿ ಹೇಳ್ತಿ.

ಡೆಬಿಯನ್ 10ರಿಂದ 11ಕ್ಕೆ ಬಂದಾಗ ನೆನಪು ಮಾಡ್ಕಳಿ. ಸೆಕ್ಯುರಿಟಿ ಅಪ್‌ಡೇಟಿನ ಸಾಲು ಅಲ್ಲೀವರೆಗೆ ಬಸ್ಟರ್ (10ರ ಹೆಸರು) ಸ್ಲ್ಯಾಶ್ ಅಪ್‌ಡೇಟ್ಸ್ ಅಂತ ಇತ್ತು, 11ರಲ್ಲಿ, ಅಂದ್ರೆ ಬುಲ್ಸ್‌ಐಯಲ್ಲಿ, ಅದು ಬುಲ್ಸ್‌ಐ ಹೈಫನ್ ಸೆಕ್ಯುರಿಟಿ ಆತು. ಬರೀ ಹೆಸರು ಬದಲಿಸಿದವ್ರಿಗೆ ಬುಲ್ಸ್‌ಐ ಸ್ಲ್ಯಾಶ್ ಅಪ್‌ಡೇಟ್ಸ್ ಅಂತ ಸಿಕ್ತು, ಅಂಥದ್ದು ಸರ್ವರಲ್ಲಿ ಇಲ್ಲವೇ ಇಲ್ಲ. ನೋಡಕ್ಕೆ ಸಾಲು ಸರಿಯಾಗೇ ಕಾಣ್ತದೆ, ಓದಿ ಪ್ರೂಫ್ ನೋಡಿದವ್ರಿಗೂ ಗೊತ್ತಾಗೂದಿಲ್ಲ, ಓಡಿಸಿದವ್ರಿಗೆ ಮಾತ್ರ ಗೊತ್ತಾಗ್ತದೆ. 11ರಿಂದ 12ಕ್ಕೆ ಬಂದಾಗ ಇನ್ನೊಂದು: ವೈಫೈ ಫರ್ಮ್‌ವೇರ್ (ಹಾರ್ಡ್‌ವೇರ್ ನಡೆಸೋ ಒಳ ಸಾಫ್ಟ್‌ವೇರ್) ನಾನ್-ಫ್ರೀ ವಿಭಾಗದಿಂದ ಬೇರೆ ಮಾಡಿ ನಾನ್-ಫ್ರೀ-ಫರ್ಮ್‌ವೇರ್ ಅಂತ ಹೊಸ ವಿಭಾಗಕ್ಕೆ ಹಾಕಿದ್ರು, ಅಧಿಕೃತ ಇಮೇಜಿನೊಳಗೇ (ಇನ್‌ಸ್ಟಾಲ್ ಮಾಡೋ ಐಎಸ್‌ಒ ಫೈಲ್) ಫರ್ಮ್‌ವೇರ್ ಬಂತು. ನಮ್ಮ ಕೈಪಿಡಿಯ ವೈಫೈ ಪುಟದಲ್ಲಿ ಇವತ್ತಿಗೂ "ಅನಧಿಕೃತ ಇಮೇಜ್ ಡೌನ್‌ಲೋಡ್ ಮಾಡಿ" ಅಂತ 11ರ ಕಾಲದ ಸಾಲು ಅದೆ, ಈಗಷ್ಟೇ ನೋಡ್ದೆ. ಆ ಸಾಲಲ್ಲಿ ಬುಕ್‌ವರ್ಮ್ ಅನ್ನೋ ಪದವೇ ಇಲ್ಲ, ಹಾಗಾಗಿ ನೀವು ಹೇಳಿದ ಹಾಗೆ ಬದಲಾಯಿಸ್ತಾ ಹೋದ್ರೆ ಅದು ಹಾಗೇ ಉಳೀತದೆ, ಮೇಲಿಂದ "ಡೆಬಿಯನ್ 13ಕ್ಕೆ" ಅಂತ ತಲೆಬರಹ ಬೇರೆ ಬರ್ತದೆ.

ಈಗ 12ರಿಂದ 13ಕ್ಕೆ ನನಗೆ ಗೊತ್ತಿದ್ದ ಮಟ್ಟಿಗೆ ನಮ್ಮ ಪುಟಗಳಿಗೆ ತಾಗೂವಂಥದ್ದು: 32-ಬಿಟ್ ಇನ್‌ಸ್ಟಾಲರ್ ಇಲ್ಲ, ಕರ್ನಲ್ಲೂ ಇಲ್ಲ. ರೆಪೊಸಿಟರಿಯ (ಪ್ಯಾಕೇಜ್ ಸಿಗೋ ಸರ್ವರಿನ) ಸಹಿ ಕೀ ಸೇರಿಸೋ ಆಪ್ಟ್-ಕೀ ಕಮಾಂಡ್ ತೆಗೆದು ಹಾಕಿದಾರೆ, ಹೊರಗಿನ ರೆಪೊಸಿಟರಿ ಸೇರಿಸೋ ಅಧ್ಯಾಯ ಪೂರಾ ಅದರ ಮೇಲೇ ನಿಂತಿದೆ. ಟೆಂಪ್ ಫೋಲ್ಡರ್ ಈಗ ಡಿಸ್ಕಿನ ಮೇಲಲ್ಲ, ಟೆಂಪ್‌ಎಫ್‌ಎಸ್, ಅಂದ್ರೆ ಮೆಮೊರಿಯಲ್ಲಿ. ಪ್ಯಾಕೇಜ್ ಎಲ್ಲಿಂದ ತರ್ಬೇಕು ಅಂತ ಬರೆದಿಡೋ ಸೋರ್ಸಸ್ ಡಾಟ್ ಲಿಸ್ಟ್ ಫೈಲಿನ ಬದಲು ಡೆಬ್822 ಅನ್ನೋ ಹೊಸ ಫಾರ್ಮ್ಯಾಟ್ ಬಳಸಿ ಅಂತ ರಿಲೀಸ್ ನೋಟ್ಸ್ ಹೇಳ್ತದೆ, ಹಳೇ ಫೈಲ್ ಹೊಸದಕ್ಕೆ ತಿರುಗಿಸಕ್ಕೆ ಆಪ್ಟ್ ಮಾಡರ್ನೈಸ್-ಸೋರ್ಸಸ್ ಅಂತ ಕಮಾಂಡೂ ಕೊಟ್ಟಿದಾರೆ. ಇದರಲ್ಲಿ ಒಂದೂ ಹೆಸರು ಬದಲಾಯಿಸಿದ್ರೆ ಸರಿ ಆಗೂವಂಥದ್ದಲ್ಲ.

ನನ್ನ ಅಭಿಪ್ರಾಯ ನೇರವಾಗಿ: ಖಾಲಿ ಮಷಿನ್ ಮೇಲೆ ಯಾರೂ ಓಡಿಸಿ ನೋಡದ ಪುಟಕ್ಕೆ 13 ಅಂತ ನಂಬರ್ ಹಾಕ್ಬೇಡಿ. 12 ಅಂತಲೇ ಇರ್ಲಿ.

ಕಾಳಿ_ತೀರ (ಕಾರವಾರ)

ಹಳೇ ಪುಟ ಅಳಿಸೂದು ಮಾತ್ರ ಬೇಡ್ವೇ ಬೇಡ ಮಾರಾಯ್ರೆ. ನಾನು ರಿಪೇರಿ ಅಂಗಡಿ ಇಟ್ಕೊಂಡವ, ನನ್ನ ಟೇಬಲ್ ಮೇಲೆ ಬರೂ ಮಷಿನ್ ನೋಡಿದ್ರೆ ನಿಮಗೆ ಗೊತ್ತಾಗ್ತದೆ. 32-ಬಿಟ್ ಸಿಪಿಯು ಇದ್ದವ್ರಿಗೆ 12ಏ ಕಡೇದು, 13ಕ್ಕೆ ಅಪ್‌ಗ್ರೇಡ್ ಮಾಡ್ಬೇಡಿ ಅಂತ ಡೆಬಿಯನ್‌ನವ್ರೇ ರಿಲೀಸ್ ನೋಟ್ಸಲ್ಲಿ ಬರೆದಿದಾರೆ. 12ಕ್ಕೆ ಪೂರ್ತಿ ಸಪೋರ್ಟ್ 2026ರ ಜೂನ್‌ವರೆಗೆ, ಅದರ ಮೇಲೆ ಎಲ್‌ಟಿಎಸ್ (ದೀರ್ಘಾವಧಿ ಸಪೋರ್ಟ್) 2028ರ ಜೂನ್ 30ರವರೆಗೆ. ಅಷ್ಟು ದಿನ ಬಳಸೂ ಜನ ಇದ್ದಾಗ ಅವರ ಪುಸ್ತಕ ಕಿತ್ತು ಹಾಕೂದು ಸರಿಯಲ್ಲ.

ಇನ್ನೊಂದು, ಇದು ಕೈಪಿಡಿಯ ಮೊದಲ್ನೇ ಪುಟದಲ್ಲೇ ಬರ್ಬೇಕು. ಸುಮಾರು ಜನ "ನಂದು 32-ಬಿಟ್" ಅಂತ ಬರ್ತಾರೆ, ನೋಡಿದ್ರೆ ಒಳಗೆ ಹಾಕಿದ ವಿಂಡೋಸ್ ಮಾತ್ರ 32-ಬಿಟ್, ಸಿಪಿಯು 64-ಬಿಟ್ಟೇ ಇರ್ತದೆ. ಯಾವುದಾದ್ರೂ ಲೈವ್ ಪೆನ್‌ಡ್ರೈವ್ ಹಾಕಿ ಟರ್ಮಿನಲಲ್ಲಿ ಎಲ್‌ಎಸ್‌ಸಿಪಿಯು ಅಂತ ಹೊಡೆದ್ರೆ ಸಿಪಿಯು ಆಪ್-ಮೋಡ್ ಅನ್ನೂ ಸಾಲಲ್ಲಿ 32-ಬಿಟ್, 64-ಬಿಟ್ ಎರಡೂ ಬಂದ್ರೆ 13 ಆರಾಮಾಗಿ ಹೋಗ್ತದೆ. ಬರೀ 32 ಬಂದ್ರೆ 12. ಈ ಪ್ರಶ್ನೆ ಮುಗಿಸಿದ ಮೇಲೇ ಡೌನ್‌ಲೋಡ್ ಲಿಂಕ್ ಕೊಡಿ, ಮೊಬೈಲ್ ಹಾಟ್‌ಸ್ಪಾಟಲ್ಲಿ ಇಡೀ ಇಮೇಜ್ ಇಳಿಸಿ ಆದ್ಮೇಲೆ ಬೂಟ್ ಆಗೂದಿಲ್ಲ ಅಂತ ಗೊತ್ತಾದ್ರೆ ಆ ಮನುಷ್ಯ ಮತ್ತೆ ಲಿನಕ್ಸ್ ಕಡೆ ತಿರುಗಿ ನೋಡೂದಿಲ್ಲ.

ಲಿಂಕ್ ವಿಚಾರಕ್ಕೆ ಬಂದ್ರೆ, ಕೈಪಿಡೀಲಿ ಐಎಸ್‌ಒ ಫೈಲಿಗೇ ನೇರ ಲಿಂಕ್ ಅದೆ. ಪಾಯಿಂಟ್ ರಿಲೀಸ್ (13.1ರಂಥ ಚಿಕ್ಕ ಆವೃತ್ತಿ) ಬಂದ ಕೂಡ್ಲೆ ಕರೆಂಟ್ ಅನ್ನೂ ಫೋಲ್ಡರಲ್ಲಿ ಹೊಸ ನಂಬರಿನ ಫೈಲ್ ಬರ್ತದೆ, ಹಳೇದು ಆರ್ಕೈವ್‌ಗೆ ಹೋಗ್ತದೆ, ನಮ್ಮ ಲಿಂಕ್ ಸತ್ತು ಹೋಗ್ತದೆ. ಅದರ ಕೆಳಗೆ ಶಾ256 ಚೆಕ್‌ಸಮ್ (ಫೈಲ್ ಸರಿಯಾಗಿ ಬಂತಾ ನೋಡೂ ಸಂಖ್ಯೆ) ಬೇರೆ ಪೇಸ್ಟ್ ಮಾಡಿಟ್ಟಿದಾರೆ ಯಾರೋ. ಹೊಸ ಇಮೇಜಿಗೆ ಅದು ಹೊಂದೂದಿಲ್ಲ, ಓದುವವ ಫೈಲೇ ಹಾಳಾಗಿದೆ ಅಂತ ಇನ್ನೊಂದ್ಸಲ ಡೌನ್‌ಲೋಡ್ ಮಾಡ್ತಾನೆ. ಫೋಲ್ಡರಿಗೆ ಲಿಂಕ್ ಕೊಡಿ, ಚೆಕ್‌ಸಮ್ ಫೈಲೂ ಅಲ್ಲೇ ಪಕ್ಕದಲ್ಲೇ ಇರ್ತದೆ, ಹೆಂಗೆ ಹೋಲಿಸಿ ನೋಡೂದು ಅಂತ ಕಲಿಸಿ. ಪ್ರತಿ ಸಲ ಬದಲಾಗೂ ಸಂಖ್ಯೆ ನಮ್ಮ ಪುಟದಲ್ಲಿ ಇರಲೇಬಾರ್ದು.

ಅಘನಾಶಿನಿ_ದಡ

ಇಬ್ಬರ ಮಾತೂ ಒಪ್ದೆ. ಅಳಿಸೂದು ಇಲ್ಲ, ಭಾನುವಾರದ ಗಡುವೂ ಇಲ್ಲ. 12ಕ್ಕೆ ಗಿಟ್‌ನಲ್ಲಿ ಬೇರೆ ಬ್ರ್ಯಾಂಚ್ (ಕೈಪಿಡಿಯ ಬೇರೆ ಪ್ರತಿ) ತೆಗೆದು ಇಡ್ತೆ, 13 ಮುಖ್ಯ ಬ್ರ್ಯಾಂಚಲ್ಲಿ ಹೋಗ್ಲಿ. ಎರಡರಲ್ಲೂ ಮೇಲ್ಗಡೆ "ನೀವು ಓದ್ತಾ ಇರೂದು ಇಂಥ ಆವೃತ್ತಿಗೆ" ಅಂತ ಪಟ್ಟಿ, ಇನ್ನೊಂದಕ್ಕೆ ಹೋಗೂ ಲಿಂಕ್. ಸ್ಕ್ರೀನ್‌ಶಾಟ್ ಬಗ್ಗೆ ಯಾರೂ ಏನೂ ಹೇಳ್ಲಿಲ್ಲ?

ಅಕ್ಕೋರು_ಯಲ್ಲಾಪುರ

ಸ್ಕ್ರೀನ್‌ಶಾಟ್ ಬಗ್ಗೆ ನಾನು ಹೇಳ್ತೇನೆ. ನಮ್ಮ ಶಾಲೆಯಲ್ಲಿ ಕಂಪ್ಯೂಟರ್ ಕೋಣೆ ನೋಡಿಕೊಳ್ಳುವುದು ನಾನೇ, ನಾನು ಗಣಿತದವಳು, ಕಂಪ್ಯೂಟರ್ ಓದಿದವಳಲ್ಲ. ಕೈಪಿಡಿಯನ್ನು ಮೊಬೈಲಲ್ಲಿ ಓದುತ್ತಾ ಇನ್‌ಸ್ಟಾಲ್ ಮಾಡಲು ಆಗುವುದಿಲ್ಲ, ಮಳೆಗಾಲದಲ್ಲಿ ನೆಟ್ ಯಾವಾಗ ಇರುತ್ತದೆ ಯಾವಾಗ ಇಲ್ಲ ಹೇಳಲಿಕ್ಕೆ ಬರುವುದಿಲ್ಲ, ಹಾಗಾಗಿ ಪಿಡಿಎಫ್ ತೆಗೆದು ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಮಾಡಿಸುತ್ತೇವೆ. ನನ್ನಂತೆ ಮಾಡುವವರು ಬಹಳ ಜನ ಇದ್ದಾರೆ. ಕಪ್ಪು-ಬಿಳಿ ಪ್ರಿಂಟಿನಲ್ಲಿ ಸ್ಕ್ರೀನ್‌ಶಾಟ್ ಒಂದು ಕರಿ ಚೌಕ, ಅಷ್ಟೇ. ಬುಕ್‌ವರ್ಮ್‌ನ ಎಮರಾಲ್ಡ್ ಥೀಮ್ ಹೋಗಿ ಸೆರಟಾಪ್ಸಿಯನ್ ಬಂದಿದೆ ಎಂದು ಎಲ್ಲ ಚಿತ್ರ ಬದಲಿಸಲು ಕೂತರೆ ನಿಮ್ಮ ಸಮಯವೆಲ್ಲ ಅದಕ್ಕೇ ಹೋಗುತ್ತದೆ. ಓದುವವರು ಏನನ್ನಾದರೂ ಆರಿಸಬೇಕಾದ ಕಡೆ ಮಾತ್ರ ಚಿತ್ರ ಇರಲಿ: ಡಿಸ್ಕ್ ಭಾಗ ಮಾಡುವ ಪರದೆ, ಯಾವ ಡೆಸ್ಕ್‌ಟಾಪ್ ಬೇಕು ಎಂದು ಕೇಳುವ ಪರದೆ. ಉಳಿದದ್ದಕ್ಕೆ ಮಾತು ಸಾಕು.

ಇನ್ನೊಂದು ಬೇಡಿಕೆ. ಪ್ರತಿ ಪುಟದ ಅಡಿಯಲ್ಲಿ, ಪಿಡಿಎಫ್‌ನಲ್ಲೂ, ಯಾವ ಆವೃತ್ತಿ, ಯಾವ ತಿಂಗಳು ಪರೀಕ್ಷಿಸಿದ್ದು ಎಂದು ಅಚ್ಚಾಗಬೇಕು. ಮೊದಲ ಪುಟದಲ್ಲಿ ಮಾತ್ರ ಹಾಕಿದರೆ ಪ್ರಯೋಜನ ಇಲ್ಲ, ಏಕೆಂದರೆ ಪ್ರಿಂಟ್ ಬಿಡಿಬಿಡಿಯಾಗಿ ಓಡಾಡುತ್ತದೆ, ಒಬ್ಬರು ಕೀಬೋರ್ಡ್ ಪುಟ ಮಾತ್ರ ಒಯ್ಯುತ್ತಾರೆ, ಇನ್ನೊಬ್ಬರು ಪ್ರಿಂಟರ್ ಪುಟ. ಬಸ್‌ಸ್ಟ್ಯಾಂಡ್ ಗೋಡೆಯ ಹಳೇ ವೇಳಾಪಟ್ಟಿಯ ಹಾಗೆ ಅದು, ದಿನಾಂಕ ಇಲ್ಲದಿದ್ದರೆ ನಂಬಿಕೊಂಡು ಕಾಯುತ್ತಾ ನಿಲ್ಲುತ್ತಾರೆ.

ಘಟ್ಟದ_ಮೇಲೆ

ಅಕ್ಕೋರೆ, ಪುಟದ ಅಡಿಗೆ ಹಾಕೂದು ಸುಲಭ, ಕೈಪಿಡಿ ಬಿಲ್ಡ್ ಮಾಡೋ ಸಾಫ್ಟ್‌ವೇರ್ ಸ್ಫಿಂಕ್ಸ್‌ನಲ್ಲಿ ಆವೃತ್ತಿ ಒಂದೇ ಕಡೆ ಬರೆದಿಟ್ಟು ಎಲ್ಲ ಕಡೆ ತಾನಾಗೇ ಬರೂ ಹಾಗೆ ಮಾಡ್ಬಹುದು. ಡೆಬಿಯನ್ನಿನ ಸ್ವಂತ ಇನ್‌ಸ್ಟಾಲೇಶನ್ ಗೈಡಲ್ಲೂ ಬಿಡುಗಡೆಯ ಹೆಸರು ಹೀಗೇ, ಒಂದು ಎಂಟಿಟಿಯಾಗಿ ಬರ್ತದೆ. ಒಂದು ಎಚ್ಚರಿಕೆ ಮಾತ್ರ, ಸ್ಫಿಂಕ್ಸ್‌ನ ಮಾಮೂಲಿ ಕೋಡ್ ಬ್ಲಾಕಿನೊಳಗೆ ಈ ಬದಲಿ ಕೆಲಸ ಮಾಡೂದಿಲ್ಲ, ಪಾರ್ಸ್ಡ್-ಲಿಟರಲ್ ಬಳಸ್ಬೇಕು. ಇಲ್ಲಾಂದ್ರೆ ಪ್ಯಾರಾದಲ್ಲಿ ಟ್ರಿಕ್ಸಿ, ಅದರ ಕೆಳಗಿನ ಕಮಾಂಡಲ್ಲಿ ಬುಕ್‌ವರ್ಮ್ ಅಂತ ಉಳೀತದೆ.

ಆದ್ರೆ ಪರೀಕ್ಷಿಸಿದ ತಿಂಗಳು ಮಾತ್ರ ತಾನಾಗಿ ಬರೂ ಹಾಗೆ ಮಾಡ್ಬಾರ್ದು. ಅದನ್ನ ಓಡಿಸಿ ನೋಡಿದ ಮನುಷ್ಯನೇ ಅಧ್ಯಾಯಕ್ಕೊಂದರಂತೆ ಕೈಯಿಂದ ಬರೀಬೇಕು. ಬಿಲ್ಡ್ ಮಾಡಿದ ದಿನಾಂಕ ಹಾಕಿದ್ರೆ ಯಾರೋ ಒಂದು ಕಾಮಾ ತಿದ್ದಿದ ದಿನ ಇಡೀ ಪುಸ್ತಕ ಹೊಸದು ಅಂತ ಕಾಣ್ತದೆ.

ಸಿದ್ದಾಪುರದ_ಪಿಒ

ಈಗ ಇರೂದು ಬೆಂಗಳೂರಲ್ಲಿ, ಊರು ಸಿದ್ದಾಪುರ. ಅನುವಾದದ ಕೆಲಸ ಮಾಡ್ತಾ ಇರೂದ್ರಿಂದ ಎರಡು ವಿಷಯ.

ಒಂದು, ನಮ್ಮ ಕೈಪಿಡೀಲಿ ಅರ್ಧ ಭಾಗ ನಾವೇ ಬರೆದಿದ್ದು, ಅರ್ಧ ಇಂಗ್ಲಿಷಿಂದ ತಂದಿದ್ದು. ತಂದ ಭಾಗ ಪಿಒ ಫೈಲಲ್ಲಿ (ಮೂಲ, ಅನುವಾದ ಜೋಡಿಯಾಗಿ ಇರೋ ಫೈಲ್) ಇಟ್ಕೊಂಡ್ರೆ ಇಂಗ್ಲಿಷ್ ಮೂಲ ಬದಲಾದ ಕೂಡ್ಲೆ ಆ ಪ್ಯಾರಾ ಫಝಿ ಅಂತ ಗುರುತಾಗ್ತದೆ, ಮತ್ತೆ ಯಾರಾದ್ರೂ ನೋಡಿ ಸರಿ ಮಾಡೋವರೆಗೆ ಓದುಗರಿಗೆ ಹಳೇ ಕನ್ನಡ ಬದಲು ಹೊಸ ಇಂಗ್ಲಿಷ್ ಕಾಣಿಸ್ತದೆ. ನಮ್ಮಲ್ಲಿ ಕೆಲವರಿಗೆ ಇದು ಇಷ್ಟ ಆಗೂದಿಲ್ಲ, ಕನ್ನಡ ಪುಸ್ತಕದ ಮಧ್ಯ ಇಂಗ್ಲಿಷ್ ಪ್ಯಾರಾ ಯಾಕೆ ಅಂತ. ನಂಗೂ ಕನ್ನಡ ಬೇಕು, ಅದಕ್ಕೇ ಇಷ್ಟು ವರ್ಷ ಇದರಲ್ಲಿ ಇದೇನೆ. ಆದ್ರೆ ಡಿಸ್ಕ್ ಅಳಿಸೋ ಜಾಗದಲ್ಲಿ ತಪ್ಪು ಕನ್ನಡಕ್ಕಿಂತ ಸರಿಯಾದ ಇಂಗ್ಲಿಷ್ ವಾಸಿ, ಫೋಟೋ ದಾಖಲೆ ಎಲ್ಲ ಹೋದ್ಮೇಲೆ ಯಾರೂ ತಂದು ಕೊಡೂದಿಲ್ಲ.

ಎರಡು, ಸದ್ಯದ ಆವೃತ್ತಿ ಯಾವುದೋ ಅದನ್ನ ತೋರಿಸೋ ಸ್ಟೇಬಲ್ ಅನ್ನೋ ಹೆಸರಿಂದ ದೂರ ಇರಿ. ನಮ್ಮ 12ರ ಪುಟಗಳಲ್ಲಿ ಅಧಿಕೃತ ಗೈಡಿಗೆ ಕೊಟ್ಟ ಲಿಂಕೆಲ್ಲ ರಿಲೀಸಸ್ ಸ್ಲ್ಯಾಶ್ ಸ್ಟೇಬಲ್ ಅಂತ ಅದಾವೆ. ಆಗಸ್ಟ್ 9ರಿಂದ ಅವೆಲ್ಲ 13ರ ಗೈಡಿಗೆ ಹೋಗ್ತಾ ಇದಾವೆ. ಲಿಂಕ್ ಮುರಿದಿಲ್ಲ, ಲಿಂಕ್‌ಚೆಕ್ ಓಡಿಸಿದ್ರೆ ಎಲ್ಲ ಹಸಿರು, ಆದ್ರೆ 12 ಹಾಕ್ತಾ ಇರೋನು 13ರ ಸೂಚನೆ ಓದ್ತಾನೆ. ಬುಕ್‌ವರ್ಮ್, ಟ್ರಿಕ್ಸಿ ಅಂತ ಹೆಸರು ಹಿಡಿದೇ ಲಿಂಕ್ ಕೊಡಿ. ಸೋರ್ಸಸ್ ಫೈಲಲ್ಲೂ ಅಷ್ಟೇ, ಅಲ್ಲಿ ಸ್ಟೇಬಲ್ ಅಂತ ಬರೆದವ್ರ ಮಷಿನ್ ಬಿಡುಗಡೆ ದಿನವೇ ಸಿದ್ಧತೆ ಇಲ್ಲದೆ ಹೊಸ ಆವೃತ್ತಿ ಕಡೆ ಹೊರಡ್ತದೆ.

ಹೊಸಬ_ಹೊನ್ನಾವರ

ನಮಸ್ತೆ, ನಾನು ಡಿಗ್ರಿ ಓದ್ತಾ ಇದೇನೆ, ಲಿನಕ್ಸ್ ಇದುವರೆಗೆ ಹಾಕಿಲ್ಲ. ಒಂದು ಹಳೇ ಲ್ಯಾಪ್‌ಟಾಪ್ ಅದೆ, 4 ಜಿಬಿ ರ್‍ಯಾಮ್, ಒಳಗೆ ಏನೂ ಮುಖ್ಯವಾದದ್ದು ಇಲ್ಲ. ಪರೀಕ್ಷೆ ಮಾಡೂಕೆ ಯಾರಾದ್ರೂ ಬೇಕಾದ್ರೆ ನಾನು ಮಾಡ್ಲಾ? ನಂಗೆ ಏನೂ ಗೊತ್ತಿಲ್ದೇ ಇದ್ರೂ ಆಗ್ತದಾ ಅಣ್ಣ?

ಕಾಳಿ_ತೀರ

ಗೊತ್ತಿಲ್ಲದವನೇ ಬೇಕು ತಮ್ಮಾ. ನಾವು ಓಡಿಸಿದ್ರೆ ಪುಸ್ತಕದಲ್ಲಿ ಬಿಟ್ಟು ಹೋದ ಹೆಜ್ಜೆ ಕೈ ತಾನಾಗೇ ಮಾಡಿ ಬಿಡ್ತದೆ, ಬಿಟ್ಟು ಹೋಗಿದೆ ಅಂತ ಗೊತ್ತೇ ಆಗೂದಿಲ್ಲ. ನೀನು ಒಂದು ಕೆಲಸ ಮಾಡು, 12 ಕಡೆ 13 ಇಮೇಜ್ ಇಟ್ಕೊ, ಬಾಕಿ ಎಲ್ಲ ಕೈಪಿಡೀಲಿ ಇದ್ದ ಹಾಗೇ ಅಕ್ಷರಶಃ ಮಾಡು. ನಿಂತಲ್ಲಿ ಬರೆದಿಟ್ಕೊ, ಪರದೆ ಫೋಟೋ ತೆಗಿ. ಸರಿ ಮಾಡೂಕೆ ಬೇರೆ ಕಡೆ ಹುಡುಕಬೇಡ, ಹುಡುಕಿದ್ರೂ ಎಲ್ಲಿ ಸಿಕ್ತು ಅಂತ ಬರಿ.

ಘಟ್ಟದ_ಮೇಲೆ

ನಾನು ವರ್ಚುವಲ್ ಮಷಿನ್ನಲ್ಲಿ ಸಮಾನಾಂತರವಾಗಿ ಓಡಿಸ್ತಿ. ಅದರಲ್ಲಿ ಸ್ನ್ಯಾಪ್‌ಶಾಟ್ ತೆಗೆದು ಪ್ರತಿ ಅಧ್ಯಾಯಕ್ಕೂ ಖಾಲಿ ಸ್ಥಿತಿಗೆ ವಾಪಸ್ ಹೋಗ್ಬಹುದು, ಹಿಂದಿನ ಅಧ್ಯಾಯದಲ್ಲಿ ಹಾಕಿದ ಪ್ಯಾಕೇಜ್ ಇದ್ದದ್ದಕ್ಕೇ ಮುಂದಿನದು ಕೆಲಸ ಮಾಡ್ತಾ ಅಂತ ತಿಳೀತದೆ. ಆದ್ರೆ ವರ್ಚುವಲ್ ಮಷಿನ್ನಿಗೆ ವೈಫೈ ಫರ್ಮ್‌ವೇರ್, ಸೆಕ್ಯೂರ್ ಬೂಟ್, ಟಚ್‌ಪ್ಯಾಡ್ ಯಾವುದರ ತಾಪತ್ರಯವೂ ಇಲ್ಲ, ಹಾಗಾಗಿ ಹೊನ್ನಾವರದ ಲ್ಯಾಪ್‌ಟಾಪ್ ಬಹಳ ಮುಖ್ಯ.

ಹೊಸಬ_ಹೊನ್ನಾವರ

ಮುಗೀತು, ಉದ್ದ ಆಗ್ತದೆ, ಬೇಜಾರು ಮಾಡ್ಕೊಬೇಡಿ, ನಿಂತ ಜಾಗ ಎಲ್ಲ ಬರೀರಿ ಅಂದ್ರಲ್ಲ.

ನಮ್ಮನೇಲಿ ನೆಟ್ ಕಡಿಮೆ, ಹಾಗಾಗಿ ಕೈಪಿಡೀಲಿ ಹೇಳಿದ ಹಾಗೆ ಡಿವಿಡಿ-1 ಇಮೇಜ್ ತಗೊಂಡೆ, ಅದು 4 ಜಿಬಿ ಹತ್ರ ಅದೆ, ಕಾಲೇಜಲ್ಲಿ ಇಳಿಸ್ಕೊಂಡು ಬಂದೆ. ಪೆನ್‌ಡ್ರೈವ್‌ಗೆ ಇಮೇಜ್ ಬರೆಯೂ ಪ್ರೋಗ್ರಾಂ ರುಫಸ್ ಐಎಸ್‌ಒ ಮೋಡಾ ಡಿಡಿ ಮೋಡಾ ಅಂತ ಕೇಳ್ತು, ಕೈಪಿಡೀಲಿ ಆ ಪ್ರಶ್ನೆ ಬರ್ತದೆ ಅಂತಲೇ ಇಲ್ಲ. ಡಿಡಿ ಕೊಟ್ಟೆ, ಬೂಟ್ ಆಯ್ತು.

ಬೂಟ್ ಆದ್ಮೇಲೆ ಗ್ರಾಫಿಕಲ್ ಇನ್‌ಸ್ಟಾಲ್ ಆರಿಸಿ ಕನ್ನಡ ಕೊಟ್ಟೆ, ಪರದೆ ಪೂರಾ ಕನ್ನಡದಲ್ಲಿ ಬಂತು, ಬಹಳ ಖುಷಿ ಆಯ್ತು. ಆದ್ರೆ ಕೈಪಿಡೀಲಿ ಬಟನ್ ಹೆಸರೆಲ್ಲ ಇಂಗ್ಲಿಷಲ್ಲಿ ಅದೆ, ಯಾವುದು ಯಾವುದು ಅಂತ ಅಂದಾಜಿನ ಮೇಲೆ ಹೋದೆ, ಡಿಸ್ಕ್ ಭಾಗ ಮಾಡೂ ಜಾಗದಲ್ಲಿ ಹೆದರಿಕೆ ಆಗಿ ನಿಲ್ಲಿಸಿ ಮತ್ತೆ ಮೊದಲಿಂದ ಇಂಗ್ಲಿಷಲ್ಲಿ ಶುರು ಮಾಡ್ದೆ.

ರೂಟ್ (ಮಷಿನ್ನಿನ ಮುಖ್ಯ ಖಾತೆ) ಪಾಸ್‌ವರ್ಡ್ ಕೇಳ್ತು. ಕೈಪಿಡೀಲಿ "ಗಟ್ಟಿ ಪಾಸ್‌ವರ್ಡ್ ಕೊಡಿ" ಅಂತ ಇತ್ತು, ಕೊಟ್ಟೆ. ಇನ್‌ಸ್ಟಾಲ್ ಆದ್ಮೇಲೆ ಮುಂದಿನ ಅಧ್ಯಾಯದ ಮೊದಲ್ನೇ ಸಾಲೇ ಸುಡೋ ಆಪ್ಟ್ ಅಪ್‌ಡೇಟ್, ಹೊಡೆದ್ರೆ ನಿನ್ನ ಹೆಸರು ಸುಡೋಯರ್ಸ್‌ನಲ್ಲಿ (ರೂಟ್ ಅಧಿಕಾರ ಬಳಸಬಹುದಾದವ್ರ ಪಟ್ಟಿ) ಇಲ್ಲ ಅಂತ ಬಂತು. ಅಲ್ಲಿಗೆ ನಿಂತೆ. ಹುಡುಕಿದಾಗ ಸು ಮಾಡಿ (ರೂಟ್ ಆಗಿ) ಆಡ್‌ಯೂಸರ್ ಹೊಡಿ ಅಂತ ಸಿಕ್ತು, ಹೊಡೆದ್ರೆ ಅಂಥ ಕಮಾಂಡೇ ಇಲ್ಲ ಅಂತು. ಸು ಆದ್ಮೇಲೆ ಒಂದು ಹೈಫನ್ ಹಾಕ್ಬೇಕಂತೆ, ಆಮೇಲೆ ಆಯ್ತು.

ಮುಂದೆ ಪ್ಯಾಕೇಜ್ ಹಾಕೂಕೆ ಹೋದ್ರೆ ಡಿವಿಡಿ ಹಾಕು ಅಂತ ಕೇಳ್ತಾ ಕೂತ್ಕೊಂಡ್ತು, ಪೆನ್‌ಡ್ರೈವ್ ಹಾಕಿದ್ರೂ ಬಿಡ್ಲಿಲ್ಲ.

ಕನ್ನಡ ಕೀಬೋರ್ಡ್ ಅಧ್ಯಾಯದಲ್ಲಿ ಐಬಸ್ ಎಂ17ಎನ್ (ಕನ್ನಡ ಟೈಪ್ ಮಾಡೂ ಪ್ಯಾಕೇಜ್) ಹಾಕಿ ಅಂತ ಅದೆ, ಆ ಹೊತ್ತಿಗೆ ನೆಟ್ ಇರ್ಲಿಲ್ಲ. ಸೆಟ್ಟಿಂಗ್ಸಲ್ಲಿ ಕೀಬೋರ್ಡ್ ಕೆಳಗೆ ಸುಮ್ನೆ ನೋಡ್ತಾ ಹೋದೆ, ಕನ್ನಡ ಕಗಪ ಫೊನೆಟಿಕ್ ಅಂತ ಅಲ್ಲೇ ಇತ್ತು, ಏನೂ ಡೌನ್‌ಲೋಡ್ ಮಾಡ್ದೇ ಟೈಪ್ ಆಯ್ತು. ಈ ಪೋಸ್ಟ್ ಅದರಲ್ಲೇ ಬರೆದದ್ದು.

ಕೊನೇದು, "ಇನ್ನೊಬ್ಬರಿಗೆ ಪೆನ್‌ಡ್ರೈವ್ ಮಾಡಿ ಕೊಡಿ" ಅನ್ನೂ ಅಧ್ಯಾಯ. ಐಎಸ್‌ಒ ಟೆಂಪ್ ಫೋಲ್ಡರಿಗೆ ಕಾಪಿ ಮಾಡಿ ಅಂತ ಇತ್ತು, ಅರ್ಧಕ್ಕೇ ಜಾಗ ಇಲ್ಲ ಅಂತ ನಿಂತ್ತು. ಹಾರ್ಡ್‌ಡಿಸ್ಕಲ್ಲಿ ಬೇಕಾದಷ್ಟು ಜಾಗ ಅದೆ.

ಘಟ್ಟದ_ಮೇಲೆ

ತಮ್ಮಾ, ಇಷ್ಟು ಚೊಲೋ ವರದಿ ಈ ಕೈಪಿಡಿಗೆ ಇದುವರೆಗೆ ಯಾರೂ ಕೊಟ್ಟಿದ್ದಿಲ್ಲೆ. ಒಂದೊಂದೇ ನೋಡ್ವ.

ಕೊನೇದ್ರಿಂದ ಹೇಳ್ತಿ. ಟೆಂಪ್ ಫೋಲ್ಡರ್ 13ರಲ್ಲಿ ಮೆಮೊರಿಯಲ್ಲಿ ಇರ್ತದೆ ಅಂದ್ನಲ್ಲ, ಅದಕ್ಕೆ ಮಿತಿ ರ್‍ಯಾಮಿನ ಅರ್ಧ. ನಿಂದು 4 ಜಿಬಿ, ಹಾಗಾಗಿ 2 ಜಿಬಿ ತುಂಬಿದ ಕೂಡ್ಲೆ ನಿಂತಿದೆ. ರಿಲೀಸ್ ನೋಟ್ಸಲ್ಲಿ ನಾನು ಓದಿದ್ದೆ, ಆದ್ರೆ ನಮ್ಮ ಕೈಪಿಡಿಯ ಯಾವ ಪುಟಕ್ಕೆ ಅದು ತಾಗ್ತದೆ ಅಂತ ಓದಿದ್ರಿಂದ ಗೊತ್ತಾಗ್ಲಿಲ್ಲೆ, ನೀನು ಓಡಿಸಿದ್ದಕ್ಕೆ ಗೊತ್ತಾತು. ಡೌನ್‌ಲೋಡ್ಸ್ ಫೋಲ್ಡರ್ ಅಂತ ಬದಲಾಯಿಸ್ವ. ಜೊತೆಗೆ ಹೊಸದಾಗಿ ಹಾಕಿದ 13ರಲ್ಲಿ ಟೆಂಪ್‌ನಲ್ಲಿ 10 ದಿನ ಮುಟ್ಟದೇ ಇದ್ದ ಫೈಲ್ ತಾನಾಗೇ ಅಳಿಸಿ ಹೋಗ್ತದೆ, ಅದನ್ನೂ ಒಂದು ಸಾಲು ಬರೀರಿ.

ರೂಟ್ ಪಾಸ್‌ವರ್ಡಿಂದು 13ರ ಬದಲಾವಣೆ ಅಲ್ಲ, ಮೊದಲಿಂದ್ಲೂ ಹಾಗೇ. ಇನ್‌ಸ್ಟಾಲರಲ್ಲಿ ರೂಟ್ ಪಾಸ್‌ವರ್ಡ್ ಖಾಲಿ ಬಿಟ್ರೆ ಮೊದಲ ಬಳಕೆದಾರನಿಗೆ ಸುಡೋ ಸಿಕ್ತದೆ, ಕೊಟ್ರೆ ಸಿಕ್ಕೂದಿಲ್ಲ. ಮನೆ, ಶಾಲೆ ಮಷಿನ್ನಿಗೆ ಖಾಲಿ ಬಿಡಿ ಅಂತಲೇ ದಪ್ಪ ಅಕ್ಷರದಲ್ಲಿ ಇರ್ಲಿ.

ಡಿವಿಡಿ ಕೇಳೂದು: ನೆಟ್ ಇಲ್ಲದೆ ಡಿವಿಡಿ ಇಮೇಜಿಂದ ಹಾಕಿದ್ರೆ ಸೋರ್ಸಸ್ ಫೈಲಲ್ಲಿ ಡೆಬ್ ಸಿಡಿರಾಮ್ ಅಂತ ಶುರುವಾಗೂ ಸಾಲು ಉಳೀತದೆ. ಅದರ ಮುಂದೆ ಹ್ಯಾಶ್ ಹಾಕಿ, ಟ್ರಿಕ್ಸಿಯ ಆನ್‌ಲೈನ್ ಸೋರ್ಸ್ ಸೇರಿಸ್ಬೇಕು. ನಮ್ಮ ಜಿಲ್ಲೆಯಲ್ಲಿ ಡಿವಿಡಿಯಿಂದ ಹಾಕೂವವ್ರೇ ಹೆಚ್ಚು, ಹಾಗಾಗಿ ಇದು ಅಡಿಟಿಪ್ಪಣಿ ಆಗ್ಬಾರ್ದು, ಮುಖ್ಯ ದಾರಿಯಲ್ಲೇ ಬರ್ಬೇಕು.

ಅಕ್ಕೋರು_ಯಲ್ಲಾಪುರ

ಆ ಹುಡುಗ ಕನ್ನಡ ಪರದೆ ಬಿಟ್ಟು ಇಂಗ್ಲಿಷಿಗೆ ಹೋಗಬೇಕಾಗಿ ಬಂತು ಎನ್ನುವುದು ನನಗೆ ಬಹಳ ನೋವಾಯಿತು. ಇನ್‌ಸ್ಟಾಲರ್ ಕನ್ನಡದಲ್ಲಿದೆ, ಕೈಪಿಡಿ ಕನ್ನಡದಲ್ಲಿದೆ, ಎರಡೂ ಒಂದಕ್ಕೊಂದು ಸೇರುವುದಿಲ್ಲ. ಡಿಸ್ಕ್ ಭಾಗ ಮಾಡುವ ಅಧ್ಯಾಯಕ್ಕಾದರೂ ಕನ್ನಡ ಪರದೆಯಲ್ಲಿ ಏನು ಕಾಣುತ್ತದೋ ಅದನ್ನೇ ಬರೆದು, ಕೆಳಗೆ ಸಾಲಿನ ಕ್ರಮಸಂಖ್ಯೆ ಕೊಡಿ, "ಮೇಲಿನಿಂದ ಮೊದಲನೆಯದು" ಎನ್ನುವ ಹಾಗೆ. ನಾನು ಆ ಅಧ್ಯಾಯ ತೆಗೆದುಕೊಳ್ಳುತ್ತೇನೆ. ಶಾಲೆಯಲ್ಲಿ ಒಂದು ಖಾಲಿ ಮಷಿನ್ ಇದೆ, ಶನಿವಾರ ಮಧ್ಯಾಹ್ನ ಮಕ್ಕಳು ಹೋದ ಮೇಲೆ ಪರದೆ ಪರದೆ ನೋಡಿ ಬರೆಯುತ್ತೇನೆ.

ಸಿದ್ದಾಪುರದ_ಪಿಒ

ಅಕ್ಕೋರೆ, ಇನ್‌ಸ್ಟಾಲರಿನ ಕನ್ನಡ ಸಾಲುಗಳೆಲ್ಲ ಪಿಒ ಫೈಲಾಗಿ ಸಿಗ್ತಾವೆ, ನಾನು ತೆಗೆದು ಕಳಿಸ್ತೇನೆ. ಅದರಿಂದಲೇ ನಕಲು ಮಾಡಿದ್ರೆ ಪರದೆಗೂ ಪುಸ್ತಕಕ್ಕೂ ಅಕ್ಷರ ವ್ಯತ್ಯಾಸ ಬರೂದಿಲ್ಲ, ಮುಂದಿನ ಸಲ ಅಲ್ಲಿ ಬದಲಾದದ್ದು ಇಲ್ಲಿ ಹುಡುಕೂಕೂ ಸುಲಭ.

ಕಾಳಿ_ತೀರ

ಅಪ್‌ಗ್ರೇಡ್ ಅಧ್ಯಾಯ ನಾನು ನೋಡ್ತೆ, ಅಂಗಡೀಲಿ 12 ಇದ್ದ ಮಷಿನ್ ಬರ್ತಾ ಇರ್ತಾವೆ. 11ರಿಂದ ನೇರ 13ಕ್ಕೆ ಹೋಗೂಕೆ ಬರೂದಿಲ್ಲ, 12ಕ್ಕೆ ಬಂದು ಆಮೇಲೆ 13, ಅದು ಮೊದಲ ಸಾಲಲ್ಲೇ ಬರ್ಲಿ. ಬೂಟ್ ಪಾರ್ಟಿಶನ್ ಬೇರೆ ಮಾಡ್ಕೊಂಡವ್ರು ಅದರಲ್ಲಿ ಜಾಗ ನೋಡ್ಬೇಕು, 768 ಎಂಬಿ ಗಾತ್ರ, 300 ಎಂಬಿ ಹತ್ರ ಖಾಲಿ ಇರ್ಲಿ ಅಂತ ರಿಲೀಸ್ ನೋಟ್ಸಲ್ಲಿ ಅದೆ, ಹಳೇ ಇನ್‌ಸ್ಟಾಲಲ್ಲಿ ಅಷ್ಟು ಇರೂದಿಲ್ಲ. ಮೊದಲು ಆಪ್ಟ್ ಅಪ್‌ಗ್ರೇಡ್ ವಿದೌಟ್-ನ್ಯೂ-ಪಿಕೆಜಿಎಸ್, ಆಮೇಲೆ ಫುಲ್-ಅಪ್‌ಗ್ರೇಡ್.

ನಮ್ಮ ಕಡೆಯವ್ರಿಗೆ ಅಂತಲೇ ಒಂದು ಸಾಲು ಬೇಕು, ಅಧಿಕೃತ ಗೈಡಲ್ಲಿ ಅದು ಸಿಕ್ಕೂದಿಲ್ಲ: ಮಳೆ ಗಾಳಿ ಇದ್ದ ದಿನ ಯುಪಿಎಸ್ ಇಲ್ದೇ ಅಪ್‌ಗ್ರೇಡಿಗೆ ಕೂರಬೇಡಿ. ಮಧ್ಯ ಕರೆಂಟ್ ಹೋದ್ರೆ ಡಿಪಿಕೆಜಿ ಕಾನ್ಫಿಗರ್ ಹೈಫನ್ ಎ ಹೊಡೆದು ಮುಂದುವರಿಸೂದು ಹೆಂಗೆ ಅಂತ ಅಲ್ಲೇ ಬರೀತೆ.

ಅಘನಾಶಿನಿ_ದಡ

ಸರಿ, ಹಂಚಿಕೆ ಆಯ್ತು. ಡಿಸ್ಕ್ ಅಧ್ಯಾಯ ಅಕ್ಕೋರು, ಅಪ್‌ಗ್ರೇಡ್ ಕಾರವಾರ, ರೆಪೊಸಿಟರಿ ಮತ್ತೆ ಕೀರಿಂಗ್ (ಸಹಿ ಕೀ) ಶಿರಸಿ, ಲಿಂಕೆಲ್ಲ ಹೆಸರು ಹಿಡಿದು ಬದಲಾಯಿಸೂದು ಸಿದ್ದಾಪುರ. ಇಮೇಜ್, ರುಫಸ್, ರೂಟ್ ಪಾಸ್‌ವರ್ಡ್, ಕೀಬೋರ್ಡ್ ನಾನು ಬರೀತೆ, ಬರೆದದ್ದು ಹೊನ್ನಾವರ ಮತ್ತೆ ಖಾಲಿ ಮಾಡಿ ಓಡಿಸ್ತಾನೆ. ಓಡಿಸಿ ಆದ ಅಧ್ಯಾಯ ಆದ ಹಾಗೇ ಒಂದೊಂದೇ ಪ್ರಕಟ ಮಾಡ್ತಾ ಹೋಗ್ತೆ, ಇಡೀ ಪುಸ್ತಕ ಮುಗೀಲಿ ಅಂತ ಕಾಯೂದಿಲ್ಲ. ಪ್ರಿಂಟರ್ ಅಧ್ಯಾಯ ಯಾರೂ ತಗೊಂಡಿಲ್ಲ, ಹಾಗಾಗಿ ಅದರ ಮೇಲೆ "12ರಲ್ಲಿ ಪರೀಕ್ಷಿಸಿದ್ದು, 13ರಲ್ಲಿ ನೋಡಿಲ್ಲ" ಅಂತ ಇವತ್ತೇ ಹಾಕ್ತೆ.

ಘಟ್ಟದ_ಮೇಲೆ

ಪ್ರಿಂಟರ್ ಪುಟಕ್ಕೆ ಒಂದು ವಿಷಯ ಸೇರಿಸಿ ಭಾವ. ಕೆಲವು ಕಂಪನಿ ಡ್ರೈವರ್ ಇನ್ನೂ 32-ಬಿಟ್ ಪ್ಯಾಕೇಜ್. 13ರಲ್ಲಿ 32-ಬಿಟ್ ಇನ್‌ಸ್ಟಾಲರ್ ಹೋದ್ರೂ 64-ಬಿಟ್ ಮಷಿನ್ ಮೇಲೆ ಐ386 (32-ಬಿಟ್) ಆರ್ಕಿಟೆಕ್ಚರ್ ಸೇರಿಸಿ ಹಳೇ 32-ಬಿಟ್ ಪ್ರೋಗ್ರಾಂ ಓಡಿಸಕ್ಕೆ ಈಗಲೂ ಬರ್ತದೆ, ಜನ ಎರಡನ್ನೂ ಕಲಸಿ ಪ್ರಿಂಟರ್ ಇನ್ನು ಆಗೂದೇ ಇಲ್ಲ ಅಂತ ತಿಳ್ಕಳ್ತಾರೆ.

ಮತ್ತೆ ಮುಂದಿನದು. ಟ್ರಿಕ್ಸಿಗೆ 2025ರ ಮಾರ್ಚ್ 15ಕ್ಕೆ ಫ್ರೀಜ್ (ಬದಲಾವಣೆಗೆ ತಡೆ) ಶುರು ಆಗಿತ್ತು, ಮೇ 15ಕ್ಕೆ ಹಾರ್ಡ್ ಫ್ರೀಜ್, ಬಿಡುಗಡೆ ಆಗಸ್ಟ್ 9ಕ್ಕೆ. ಹಾರ್ಡ್ ಫ್ರೀಜ್ ಆದ್ಮೇಲೆ ದೊಡ್ಡ ಬದಲಾವಣೆ ಬರೂದಿಲ್ಲ, ಅಷ್ಟೊತ್ತಿಗೆ ಟೆಸ್ಟಿಂಗ್ ಇಮೇಜ್ ಸಿಕ್ತದೆ, ರಿಲೀಸ್ ನೋಟ್ಸ್ ಕರಡೂ ಓದಕ್ಕೆ ಸಿಕ್ತದೆ. ಮುಂದಿನ ಆವೃತ್ತಿ 14ಕ್ಕೆ, ಫೋರ್ಕಿಗೆ, ನಾವು ಹಾರ್ಡ್ ಫ್ರೀಜ್ ದಿನವೇ ಬ್ರ್ಯಾಂಚ್ ತೆಗೆದ್ರೆ ಬಿಡುಗಡೆ ದಿನ ಕನ್ನಡದವ್ರ ಕೈಲೂ ಪುಸ್ತಕ ಇರ್ತದೆ.

ಹೊಸಬ_ಹೊನ್ನಾವರ

ರೂಟ್ ಪಾಸ್‌ವರ್ಡ್ ಪುಟ ಹೊಸದು ನೋಡ್ದೆ, ಲ್ಯಾಪ್‌ಟಾಪ್ ಖಾಲಿ ಮಾಡಿ ಮತ್ತೆ ಹಾಕ್ದೆ, ಖಾಲಿ ಬಿಟ್ಟೆ, ಸುಡೋ ಮೊದಲ ಸಲಕ್ಕೇ ಆಯ್ತು. ಸಿಡಿರಾಮ್ ಸಾಲಿನ ಪುಟದಲ್ಲಿ ಒಂದು ಸಂಶಯ: ನ್ಯಾನೋ ಎಡಿಟರಲ್ಲಿ ಸೇವ್ ಮಾಡಿ ಹೊರಗೆ ಬರೂದು ಹೆಂಗೆ ಅಂತ ಬರೆದಿಲ್ಲ, ಅಲ್ಲಿ ಸುಮಾರು ಹೊತ್ತು ಕೂತೆ.

ಅಘನಾಶಿನಿ_ದಡ

ಕಂಟ್ರೋಲ್ ಒ, ಎಂಟರ್, ಕಂಟ್ರೋಲ್ ಎಕ್ಸ್. ಸೇರಿಸ್ದೆ, ಪುಟ ರಿಫ್ರೆಶ್ ಮಾಡಿ ನೋಡು ತಮ್ಮಾ. ಓಡಿಸಿದವ್ರು ಅನ್ನೂ ಜಾಗದಲ್ಲಿ ನಿನ್ನ ಹ್ಯಾಂಡಲ್ ಹಾಕಿದೇನೆ.